ಐವತ್ತು ನಿಮಿಷದ ಚೌಕಾಸಿ

ಚೌಕಾಸಿ ಎಂದರೆ ಜನ ತರಕಾರಿ, ಸೀರೆ ಅಂದುಕೊಳ್ಳುತ್ತಾರೆ. ಅದು ಒಂದನೇ ಕ್ಲಾಸಿನ ಪಾಠ. ಪಳಗಿದವರು ಚೌಕಾಸಿ ಮಾಡಬೇಕಾದದ್ದು ಹೊತ್ತಿನ ಮೇಲೆ. ಪುರೋಹಿತರು ಹೋಮಕ್ಕೆ ಎರಡು ಗಂಟೆ ಎಂದರೆ ನಾನು ಒಂದೂಕಾಲು ಎನ್ನುತ್ತೇನೆ, ಒಂದೂವರೆಗೆ ಕುದುರುತ್ತದೆ. ಹಲ್ಲಿನ ಡಾಕ್ಟರ ಹತ್ತಿರವೂ ಒಮ್ಮೆ ಪ್ರಯತ್ನಿಸಿದೆ, ಬಾಯಿತುಂಬ ಹತ್ತಿ ಇದ್ದದ್ದರಿಂದ ವಾದ ಪೂರ್ತಿಯಾಗಲಿಲ್ಲ. ಈ ವಿದ್ಯೆಯನ್ನು ಕೇಳಿದವರಿಗೂ ಕೇಳದವರಿಗೂ ಧಾರಾಳವಾಗಿ ಹೇಳಿಕೊಡುತ್ತೇನೆ. ಆದರೆ ನೇರವಾಗಿ ಗಡಿಯಾರದ ಜೊತೆಗೇ ಚೌಕಾಸಿಗೆ ಇಳಿದದ್ದು ಒಂದೇ ಸಲ. ಅಂದು ನಡೆದದ್ದು ಇನ್ನೂ ನನಗೆ ಪೂರ್ತಿ ತಿಳಿದಿಲ್ಲ, ತಿಳಿದಷ್ಟು ಹೇಳುತ್ತೇನೆ.

ಚಾಮರಾಜಪೇಟೆಯಲ್ಲಿ ನನ್ನದೊಂದು ಲಗ್ನಪತ್ರಿಕೆ ಅಚ್ಚುಹಾಕುವ ಪ್ರೆಸ್ಸು. ಕೆಳಗೆ ಪ್ರೆಸ್ಸು, ಮೇಲೆ ಮನೆ, ಮನೆಯಲ್ಲಿ ಅಮ್ಮ. ಒಂದು ಶುಕ್ರವಾರ ಹೊಸ ಮಷೀನು ಬರುವುದಿತ್ತು. “ಹತ್ತೂವರೆಗೆ ರಾಹುಕಾಲ ಶುರು. ಅಷ್ಟರೊಳಗೆ ಸ್ವಿಚ್ ಹಾಕ್ಬಿಡು. ಮೊದಲ್ನೇ ಹಾಳೆ ದೇವರ ಮುಂದಿಡ್ಬೇಕು,” ಎಂದಿದ್ದಳು ಅಮ್ಮ. ಲಾರಿ ಬಂದದ್ದು ಹತ್ತೂ ನಲವತ್ತಕ್ಕೆ. ಹಳೆಯ ಮಷೀನಿನಲ್ಲಿ ಹತ್ತೂ ಮುಕ್ಕಾಲಿಗೆ ಕಡೆಯ ಪತ್ರಿಕೆ ತೆಗೆದು, ಹಳೆಯದನ್ನು ವಾಪಸ್ ಕೊಡುವ ಕರಾರಿನಂತೆ ಆ ಮಷೀನನ್ನು ಅದೇ ಲಾರಿಗೆ ಏರಿಸಿದೆವು. ಹನ್ನೆರಡಕ್ಕೆ ರಾಹುಕಾಲ ಮುಗಿಯುವತನಕ ಕಾಯೋಣವೆಂದರೆ ಎದುರಿಗೆ ಕುಮಾರ ಪಾರ್ಕಿನ ನಂಜುಂಡಯ್ಯ ಮೇಷ್ಟ್ರು ಕೂತಿದ್ದಾರೆ. ಮಗಳ ಮದುವೆ. ಮೊದಲ ಪತ್ರಿಕೆಗಳನ್ನು ಅಂದೇ ಊರಿನ ಮನೆದೇವರ ಮುಂದಿಟ್ಟು, ಆಮೇಲೆ ಉಳಿದವರಿಗೆ ಹಂಚಬೇಕು. ಅವರ ಊರಿಗಿರುವುದು ಒಂದೇ ಬಸ್ಸು, ಮೆಜೆಸ್ಟಿಕ್‌ನಿಂದ ಹನ್ನೆರಡೂವರೆಗೆ.

ಆಗಲೇ ನನ್ನ ಬುದ್ಧಿ ಓಡಿದ್ದು. ಹೊಸ ಮಷೀನಿನ ಸ್ವಿಚ್ ಹಾಕಿದೊಡನೆ ಒಂದು ಪರೀಕ್ಷೆಯ ಹಾಳೆ ಬರುತ್ತದೆ, ಅದರ ಅಡಿಯಲ್ಲಿ ವಾರ, ಗಂಟೆ ಅಚ್ಚಾಗಿರುತ್ತದೆ. ಅಮ್ಮ ಕನ್ನಡಕ ಏರಿಸಿ ಮೊದಲು ಓದುವುದು ಅದನ್ನೇ. ಮಷೀನು ಆ ಗಂಟೆಯನ್ನು ಕೇಳಿ ತಿಳಿಯುವುದು ಮೂಲೆಯಲ್ಲಿರುವ ಸರ್ವರ್ ಎಂಬ ದೊಡ್ಡ ಕಂಪ್ಯೂಟರಿನಿಂದ. ಹನ್ನೊಂದಾಗಿತ್ತು. ಸರ್ವರಿನ ಗಡಿಯಾರವನ್ನು ಹತ್ತೂ ಹತ್ತಕ್ಕೆ ತಂದು ಸ್ವಿಚ್ ಹಾಕಿದೆ. ಯಾರಿಗೂ ನಷ್ಟವಿಲ್ಲದ ವ್ಯವಹಾರ. ಹತ್ತೂ ಹತ್ತರ ಹಾಳೆಯನ್ನು ಮೇಲೆ ಕೊಟ್ಟು ಬಂದೆ. ಅಮ್ಮ ಓದಿದಳು, ನನ್ನ ಮುಖ ನೋಡಿದಳು, ಹಾಳೆಯನ್ನು ಕೈಯಲ್ಲೇ ಇಟ್ಟುಕೊಂಡಳು.

ಕೆಳಗೆ ಬಂದು ಕಂಪ್ಯೂಟರಿನಿಂದ ಪತ್ರಿಕೆ ಕಳಿಸಿದರೆ “ಲಕ್ಷ್ಮಿ ಸಿಗುತ್ತಿಲ್ಲ” ಎಂದು ಬರುತ್ತಿದೆ. ಲಕ್ಷ್ಮಿ ನಮ್ಮ ಹಳೆಯ ಮಷೀನಿಗಿದ್ದ ಹೆಸರು. ಶುಭವೆಂದು ಹೊಸದಕ್ಕೂ ಅದನ್ನೇ ಇಟ್ಟಿದ್ದೆ. ಮತ್ತೆ ಕಳಿಸಿದೆ, ಮತ್ತೆ ಅದೇ ಮಾತು. ಲಕ್ಷ್ಮಿ ನನ್ನ ಮೊಣಕೈಗೆ ತಗಲುವಷ್ಟು ಹತ್ತಿರ ನಿಂತು ದೀಪ ಮಿನುಗಿಸುತ್ತಿದ್ದಾಳೆ. ಕಂಪ್ಯೂಟರುಗಳನ್ನು ನೋಡಿಕೊಳ್ಳುವ ಶ್ರೀರಾಂಪುರದ ಶೋಭಾಗೆ ಫೋನ್ ಮಾಡಿದೆ.

“ಏನಾದ್ರೂ ಮುಟ್ಟಿದ್ರಾ ಸಾರ್?”

“ನಾನ್ಯಾಕ್ ಮುಟ್ಲಿ ಮೇಡಂ?”

ಅಷ್ಟು ಹೇಳಿಬಿಟ್ಟ ಮೇಲೆ ಅದನ್ನೇ ಹಿಡಿದು ನಿಲ್ಲಬೇಕಾಯಿತು. ಆಕೆ ಚಿಕ್ಕಪೇಟೆಯಲ್ಲಿ ಒಂದು ಬಟ್ಟೆ ಅಂಗಡಿಯ ಕೆಲಸ ಅರ್ಧಕ್ಕೇ ಬಿಟ್ಟು ಓಡಿಬಂದು ವೈರು ಕಿತ್ತು, ಜೋಡಿಸಿ, ನೆಲದ ಮೇಲೆ ಮಂಡಿಯೂರಿ ಹುಡುಕಿದಳು. ನಾನು ಟಾರ್ಚ್ ಹಿಡಿದು ಸಲಹೆ ಕೊಡುತ್ತಿದ್ದೆ. ಮೇಷ್ಟ್ರು ಟಿಕೆಟ್ಟನ್ನು ನಾಲ್ಕನೆಯ ಸಲ ಜೇಬಿನಿಂದ ತೆಗೆದು, ಓದಿ, ಮಡಿಸಿ ಇಟ್ಟರು. ಶೋಭಾ ಎದ್ದವಳು ಸರ್ವರಿನ ಪರದೆ ನೋಡಿದಳು, ಕೈಗಡಿಯಾರ ನೋಡಿದಳು.

“ಸಾರ್, ಇಲ್ಲಿ ಹತ್ತೂ ನಲವತ್ತೆರಡು. ನನ್ನ ವಾಚಲ್ಲಿ ಹನ್ನೊಂದೂ ಮೂವತ್ತೆರಡು.”

“ಬ್ಯಾಟರಿ ಹೋಗಿರ್ಬೇಕು.”

“ಸರಿಯಾಗಿ ಐವತ್ತೇ ನಿಮಿಷ ಹೋಗೋ ಬ್ಯಾಟರಿ ನಾನು ನೋಡಿಲ್ಲ.”

ಮೇಷ್ಟ್ರ ಕೈ ಐದನೆಯ ಸಲ ಜೇಬಿಗೆ ಹೋಯಿತು. ಒಪ್ಪಿಕೊಂಡೆ.

ಆಕೆ ವಿವರಿಸಿದ್ದು ಇಷ್ಟು. ಯಾವ ಹೆಸರಿನ ಮಷೀನು ಎಲ್ಲಿದೆ ಎಂಬ ಪಟ್ಟಿಯೂ ಆ ಸರ್ವರಿನಲ್ಲೇ ಇರುವುದಂತೆ. ಕೇಳಿದವರಿಗೆ ವಿಳಾಸ ಹೇಳುವುದು ಅದರ ಕೆಲಸ. “ಹಳೇ ಲಕ್ಷ್ಮಿ ‘ಇಲ್ಲಿದೀನಿ’ ಅಂತ ಕೊನೇಲಿ ಹೇಳಿದ್ದು ಹತ್ತೂ ಮುಕ್ಕಾಲಿಗೆ. ಹೊಸ ಲಕ್ಷ್ಮಿ ಹೇಳಿದ್ದು ಹತ್ತೂ ಹತ್ತಕ್ಕೆ. ಇದು ಕಡೇ ಮಾತನ್ನ ನಂಬೋದು. ಇದರ ಪ್ರಕಾರ ನಿಮ್ ಹೊಸ ಮಷೀನೇ ಹಳೇದು.”

“ಹಾಗಾದ್ರೆ ನಾನು ಕಳಿಸಿದ ಪತ್ರಿಕೆ?”

“ಲಾರೀಲಿರೋ ಮಷೀನನ್ನ ಹುಡುಕ್ತಾ ಇದೆ.”

ನಾನು ಬಾಗಿಲಿಗೆ ಹೋಗಿ ರಸ್ತೆ ನೋಡಿದೆ. ಯಾಕೆ ನೋಡಿದೆನೋ ಗೊತ್ತಿಲ್ಲ.

ಆಕೆ ಪಟ್ಟಿಯ ಕೆಲಸ ನಿಲ್ಲಿಸಿ, ಗಡಿಯಾರ ಸರಿಮಾಡಿ, ಹಳೆಯ ಲಕ್ಷ್ಮಿಯ ಹೆಸರು ಅಳಿಸಿ, ಮತ್ತೆ ಶುರು ಮಾಡಿದಳು. “ಈಗ ನೀವು ಮಷೀನ್ ಆಫ್ ಮಾಡಿ ಆನ್ ಮಾಡಿ. ಒಂದ್ಸಲ ಬೇಡ ಅನ್ನಿಸ್ಕೊಂಡಿದೆ, ತಾನಾಗೇ ಮತ್ತೆ ಕೇಳಲ್ಲ. ಹೊಸದಾಗಿ ಹೆಸರು ಹೇಳ್ಬೇಕು.”

ಆಫ್ ಮಾಡಿದೆ. ಆನ್ ಮಾಡಲು ಕೈ ಏಳಲಿಲ್ಲ. ರಾಹುಕಾಲದ ನಟ್ಟನಡುವೆ. “ಹನ್ನೆರಡರ ಮೇಲೆ ಹಾಕಿದ್ರೆ ಆಗಲ್ವಾ ಮೇಡಂ?” ಎಂದು ಕೊನೆಯ ಚೌಕಾಸಿ ಮಾಡಿದೆ.

“ಆಗುತ್ತೆ. ಮೇಷ್ಟ್ರಿಗೆ ಬಸ್ ಸಿಗಲ್ಲ.”

ಅಷ್ಟರಲ್ಲಿ ಮೆಟ್ಟಿಲ ಮೇಲೆ ಅಮ್ಮ, ಕೈಯಲ್ಲಿ ಆ ಹಾಳೆ. “ಹತ್ತೂ ಹತ್ತಕ್ಕೆ ಲಾರಿನೇ ಬಂದಿರ್ಲಿಲ್ಲ. ನಾನು ಬಾಲ್ಕನೀಲೇ ಇದ್ನಲ್ಲೋ. ಪಾಪ, ಇಷ್ಟು ಹೆದರಿದಾನಲ್ಲ ಅಂತ ಸುಮ್ನಾದೆ,” ಎಂದಳು. “ಮದುವೆ ಹುಡುಗಿ ಪತ್ರಿಕೆ ಕಾಯಿಸ್ತಾರೇನೋ?” ಎಂದು ನನ್ನನ್ನು ಪಕ್ಕಕ್ಕೆ ಸರಿಸಿ ತಾನೇ ಸ್ವಿಚ್ ಹಾಕಿದಳು.

ಹನ್ನೊಂದೂ ನಲವತ್ತೆರಡಕ್ಕೆ ಲಕ್ಷ್ಮಿ ಸಿಕ್ಕಿದಳು. ಹನ್ನೆರಡಕ್ಕೆ ಎರಡು ನಿಮಿಷವಿರುವಾಗ ಮೇಷ್ಟ್ರು ಇನ್ನೂ ಬೆಚ್ಚಗಿದ್ದ ಪತ್ರಿಕೆಗಳನ್ನು ಎದೆಗವಚಿಕೊಂಡು ಆಟೋ ಹತ್ತಿದರು. ಬಸ್ಸು ಸಿಕ್ಕಿತೆಂದು ಸಂಜೆ ಫೋನ್ ಬಂತು.

ಸುಳ್ಳು ಗಂಟೆಯ ಹಾಳೆ ದೇವರ ಮುಂದೆ ಬೇಡವೆಂದು ಅಮ್ಮ ಅದನ್ನು ಹರಿದಳು. ತಾನು ಸ್ವಿಚ್ ಹಾಕಿದಾಗ ಬಂದ ನಿಜವಾದ ಹಾಳೆಗೆ ಪೂಜೆ ಮಾಡಿ, ಕಟ್ಟು ಹಾಕಿಸಿ, ನನ್ನ ಮೇಜಿನ ಹಿಂದಿನ ಗೋಡೆಗೆ ತೂಗುಹಾಕಿಸಿದ್ದಾಳೆ. ಅಡಿಯಲ್ಲಿ ಸ್ಪಷ್ಟವಾಗಿದೆ: ಶುಕ್ರವಾರ, ಹನ್ನೊಂದೂ ನಲವತ್ತೆರಡು. ರಾಹುಕಾಲದಲ್ಲಿ ಶುರುವಾದ ಮಷೀನಿನಲ್ಲಿ ಯಾರು ಲಗ್ನಪತ್ರಿಕೆ ಹಾಕಿಸುತ್ತಾರೆ, ನೀವೇ ಹೇಳಿ. ಅದಕ್ಕೇ ಗಿರಾಕಿ ಬಂದ ಕೂಡಲೇ ಎದ್ದು, ನನ್ನ ಭುಜ ಆ ಸಾಲಿಗೆ ಅಡ್ಡ ಬರುವಂತೆ ನಿಲ್ಲುತ್ತೇನೆ. ಇದುವರೆಗೆ ಒಬ್ಬರೂ ಗಂಟೆಯ ವಿಚಾರ ಎತ್ತಿಲ್ಲ. ಎಲ್ಲರೂ ಕೇಳುವುದು ಒಂದೇ: ಕುರ್ಚಿ ಖಾಲಿ ಇದ್ದರೂ ನಾನೇಕೆ ಯಾವಾಗಲೂ ಗೋಡೆಗೆ ಒರಗಿ ನಿಂತಿರುತ್ತೇನೆ ಎಂದು.