ಬಾವಿಕಟ್ಟೆಯ ಬಳ್ಳಿ

ಸಂಜೆ ಆರು ಗಂಟೆ ನಲವತ್ತು ನಿಮಿಷಕ್ಕೆ ನನ್ನ ವೇದಾಂತ ಕೆಟ್ಟಿತು. ನಿಮಿಷ ಹೇಗೆ ಗೊತ್ತೆಂದರೆ, ಮದರಾಸಿನಲ್ಲಿ ಬಿ.ಎ. ಮುಗಿಸಿ ಬರುವಾಗ ಕೊಂಡ ಜೇಬುಗಡಿಯಾರವನ್ನು ಆಗತಾನೇ ಹೊರತೆಗೆದು ನೋಡಿದ್ದೆ. ಅಗತ್ಯವೇನೂ ಇರಲಿಲ್ಲ. ಪದವಿಯನ್ನು ದಿನವೂ ಜೇಬಿನಿಂದ ತೆಗೆದು ತೋರಿಸಲಾಗುವುದಿಲ್ಲ, ಗಡಿಯಾರವನ್ನು ತೋರಿಸಬಹುದು.

ನಾನು ಕಾಲೇಜಿನಲ್ಲಿ ತತ್ತ್ವಶಾಸ್ತ್ರ ಹೇಳುವವನು. ಮಬ್ಬುಗತ್ತಲಲ್ಲಿ ಹಗ್ಗವನ್ನು ಕಂಡು ಹಾವೆಂದು ಹೆದರುವ ಮನುಷ್ಯನ ದೃಷ್ಟಾಂತ ನನ್ನ ಬಾಯಲ್ಲಿ ವರ್ಷಕ್ಕೆ ಮೂರು ಸಲವಾದರೂ ಬರುತ್ತದೆ. ನಮ್ಮ ಭಯಗಳೆಲ್ಲ ಅಂಥವೇ, ದೀಪ ತಂದರೆ ಮುಗಿಯಿತು ಎನ್ನುತ್ತೇನೆ. ವಿದ್ಯಾರ್ಥಿಗಳು ಬರೆದುಕೊಳ್ಳುತ್ತಾರೆ. ಮನೆಯಲ್ಲಿ ಬರೆದುಕೊಳ್ಳುವವರಿಲ್ಲ. ಅಲ್ಲಿ ಅಮ್ಮನ ಶಾಸ್ತ್ರ ಬೇರೆ: ದೀಪ ಹಚ್ಚಿದ ಮೇಲೆ ಹಾವಿನ ಹೆಸರು ಹಿಡಿಯಬಾರದು, ‘ಬಳ್ಳಿ’ ಎನ್ನಬೇಕು. ನಮ್ಮ ಕಡೆ ಹಗ್ಗಕ್ಕೂ ಬಳ್ಳಿಯೆಂದೇ ಹೆಸರು. ಆ ವಾರವಷ್ಟೇ ನಾನು ಊಟದ ಹೊತ್ತಿಗೆ ಸತ್ಯವನ್ನು ಕುರಿತು ಉದ್ದದ ಭಾಷಣ ಮಾಡಿ, “ಈ ಮನೆಯಲ್ಲಿ ಇನ್ನು ಹಾವು ಅಂದರೆ ಹಾವು, ಬಳ್ಳಿ ಅಂದರೆ ಬಳ್ಳಿ” ಎಂದು ಕಟ್ಟಪ್ಪಣೆ ಹೊರಡಿಸಿದ್ದೆ. ಅಮ್ಮ ಮಜ್ಜಿಗೆ ಬಡಿಸುತ್ತಾ, “ನೀನು ಹೇಳು ಮಾರಾಯ. ಅರುವತ್ತು ವರ್ಷ ನಾನು ಹೇಳಲಿಲ್ಲ, ಇನ್ನೆಂತ ಹೇಳುವುದು?” ಎಂದರು.

ಆ ದಿನ ಬೆಳಿಗ್ಗೆ ನಮ್ಮ ಬಾವಿಯ ಹಗ್ಗ ತುಂಡಾಗಿ ಕೊಡಪಾನದ ಸಮೇತ ನೀರು ಸೇರಿತ್ತು. ಕದ್ರಿಯ ನಮ್ಮ ಓಣಿಗೆಲ್ಲ ಸುದ್ದಿ ಮುಟ್ಟಿತ್ತು. ಆದ್ದರಿಂದ ಸಂಜೆ ಪಾಗಾರದ ಗೋಡೆಯ ಆಚೆಯಿಂದ ಬಟ್ಟೆ ವ್ಯಾಪಾರದ ಹಸನಬ್ಬ, “ಮಾಷ್ಟ್ರೇ, ನಿಮ್ಮ ಬಾವಿಕಟ್ಟೆ ಹತ್ತಿರ ದೊಡ್ಡ ಬಳ್ಳಿ ಉಂಟು, ನೋಡಿಕೊಳ್ಳಿ!” ಎಂದು ಕೂಗಿದಾಗ ನನ್ನ ಹೃದಯ ತುಂಬಿ ಬಂತು. ಹಗ್ಗ ಹೋಯಿತೆಂದು ಕೇಳಿ ಬೇರೊಂದನ್ನು ತಂದಿಟ್ಟಿದ್ದಾನೆ, ನೆರೆಯವರೆಂದರೆ ಹೀಗಿರಬೇಕು! “ದೊಡ್ಡ ಉಪಕಾರ ಆಯ್ತು!” ಎಂದು ಕೂಗಿದೆ. ಎಂಟು ವರ್ಷದ ಮಗಳು ಸರಸುವಿಗೆ, “ಹೋಗಿ ಎತ್ತಿಕೊಂಡು ಬಾ” ಎಂದೆ.

ಜಗಲಿಯ ಮೇಲೆ ಗಡಿಯಾರ ಹಿಡಿದ ನಾನು. ಕುಪ್ಪಳಿಸುತ್ತಾ ಕುಣಿಯುತ್ತಾ ಹೋಗುವ ಮಗಳು. ಒಗೆಯುವ ಕಲ್ಲಿನ ಬುಡದಲ್ಲಿ ಸುತ್ತಿಟ್ಟಂತೆ ಒಂದು ಕಪ್ಪು ಸಿಂಬೆ. ಅವಳು ಬಗ್ಗಿದಳು, ಕೈಗೂ ಅದಕ್ಕೂ ಒಂದು ಗೇಣು. ಹಸನಬ್ಬನ ಮಾತು ಕೇಳಿ ಒಳಗಿನಿಂದ ಓಡಿ ಬಂದ ಅಮ್ಮ ಅಂಗಳ ನಡುಗುವಂತೆ ಕಿರುಚಿದರು: “ಹಾವು! ಸರಸೂ, ಹಾವು!”

ಮಗು ಹಿಂದಕ್ಕೆ ಹಾರಿತು. ಸಿಂಬೆಯಿಂದ ಹೆಡೆ ಎದ್ದಿತು, ಒಂದಿಷ್ಟು ತೂಗಿತು, ಮತ್ತೆ ಇಳಿದು ಕಲ್ಲಿನ ಸಂದಿಗೆ ಸರಿಯಿತು. ಅಮ್ಮ ಸರಸುವನ್ನು ಅವುಚಿಕೊಂಡು ಆ ಸಂದಿಗೇ ಕೈಮುಗಿದರು. “ಹೆಸರು ಹಿಡಿದೆ, ತಪ್ಪಾಯ್ತು.”

ಪಾಗಾರ ಹಾರಿ ಬಂದ ಹಸನಬ್ಬ ನನ್ನ ಮೇಲೆ ಹರಿಹಾಯ್ದ. “ಎಂತ ಮಾಷ್ಟ್ರೇ, ಮಗುವನ್ನು ಕಳಿಸುವುದಾ?”

“ಹಾವು ಅಂತ ನೀವಾದರೂ ಹೇಳಬಾರದಿತ್ತಾ?”

“ನನಗೆ ಅದೆಲ್ಲ ಇಲ್ಲ. ದೀಪದ ಹೊತ್ತಲ್ಲವಾ, ಅಮ್ಮನಿಗೆ ಬೇಸರ ಆಗ್ತದೆ ಅಂತ ಹಾಗೆ ಹೇಳಿದ್ದು.”

ತನ್ನದಲ್ಲದ ನೇಮವನ್ನು ಇನ್ನೊಬ್ಬರ ಮನಸ್ಸಿಗಾಗಿ ಅವನು ಪಾಲಿಸಿದ. ಜೀವಮಾನವಿಡೀ ಪಾಲಿಸಿದ ನೇಮವನ್ನು ಒಂದು ಜೀವಕ್ಕಾಗಿ ಅಮ್ಮ ಉಸಿರು ತೆಗೆದುಕೊಳ್ಳುವಷ್ಟೂ ತಡಮಾಡದೆ ಮುರಿದರು. ಧರ್ಮದ ಬಗ್ಗೆ ನಾನು ಓದಿದ್ದೆಲ್ಲ ಆ ಅಂಗಳದಲ್ಲಿ ನಡೆದುಹೋಯಿತು. ಅಕ್ಷರ ಬಾರದ ನನ್ನ ತಾಯಿಯ ಈ ಕತೆಯನ್ನು ಕದ್ರಿಯಿಂದ ಫಳ್ನೀರಿನವರೆಗೆ ಸಿಕ್ಕವರಿಗೆಲ್ಲ ಎದೆಯುಬ್ಬಿಸಿ ಹೇಳಿದ್ದೇನೆ. ಮಗುವನ್ನು ಕಳಿಸಿದವರಾರು ಎಂಬ ಭಾಗವನ್ನು ಮಾತ್ರ ಬೇಗ ಬೇಗ ಹೇಳಿ ಮುಗಿಸುತ್ತೇನೆ.

ಅಂದಿನಿಂದ ಮನೆಯಲ್ಲಿ ಯಾರಿಗೂ ನಿದ್ದೆ ಇಲ್ಲವಾಯಿತು. ಸರಸು ಬೆಚ್ಚುತ್ತಿದ್ದಳು, ನಾನು ಕೊಡೆಯ ದಾರ ಕಂಡರೂ ಬೆವರುತ್ತಿದ್ದೆ. ತರಗತಿಯಲ್ಲೊಬ್ಬ, “ಸಾರ್, ಹಾವನ್ನೇ ಹಗ್ಗ ಅಂದುಕೊಂಡರೆ?” ಎಂದು ಕೇಳಿದ. ನಾನು ಗಡಿಯಾರ ನೋಡಿ, ಹೊತ್ತಾಯಿತೆಂದೆ.

ಹನ್ನೆರಡನೆಯ ದಿನ ಹಸನಬ್ಬ ಬಂದರಿನಿಂದ ಹೊಸ ತೆಂಗಿನ ನಾರಿನ ಹಗ್ಗ ತಂದು ಅಂಗಳದಲ್ಲಿಟ್ಟ. ನಾನು ಅದನ್ನು ಕೊಡೆಯ ತುದಿಯಿಂದ ತಿವಿಯುತ್ತಿದ್ದಾಗ ಸರಸು ಬಂದು ಎರಡೂ ಕೈಯಲ್ಲಿ ಎತ್ತಿಕೊಂಡಳು. “ಅಪ್ಪಾ, ಇದು ಬಳ್ಳಿ ಅಂದರೆ ಬಳ್ಳಿ.” ಅಮ್ಮ ಸೆರಗು ಬಾಯಿಗಿಟ್ಟು ನಕ್ಕರು.

ಆ ರಾತ್ರಿ ಎಲ್ಲರೂ ಬೆಳಗಿನವರೆಗೆ ನಿದ್ದೆ ಮಾಡಿದೆವು. ಗಡಿಯಾರಕ್ಕೆ ಕೀಲಿ ಕೊಡಲು ಮರೆತಿದ್ದರಿಂದ, ಗಂಟೆ ಎಷ್ಟಾಯಿತೆಂದು ನಾನು ಅಮ್ಮನನ್ನೇ ಕೇಳಬೇಕಾಯಿತು.