ಬಾವಲಿಗೆ ಬಡ್ತಿ

ಈ ದೇಶದಲ್ಲಿ ಬಾವಲಿಗೆ ಬಡ್ತಿ ಸಿಕ್ಕಿದೆ, ನನಗೆ ಸಿಕ್ಕಿಲ್ಲ. ಇದನ್ನು ಯಾರ ಹತ್ತಿರವಾದರೂ ಹೇಳಿಕೊಳ್ಳದೆ ನನ್ನ ಬಿಪಿ ಇಳಿಯುವುದಿಲ್ಲ. ದಯವಿಟ್ಟು ಕೇಳಿ.

ಮದ್ದೂರಿನ ಒಂದು ಸರ್ಕಾರಿ ಕಚೇರಿಯಲ್ಲಿ ನಾನು ದ್ವಿತೀಯ ದರ್ಜೆ ಸಹಾಯಕ. ಸೇರಿದಾಗಲೂ ದ್ವಿತೀಯ, ತಲೆಗೂದಲೆಲ್ಲ ಉದುರಿದ ಮೇಲೂ ದ್ವಿತೀಯ. ಬಾವಲಿಯ ಸೇವಾ ಚರಿತ್ರೆ ನೋಡಿ. ಮೊನ್ನೆಮೊನ್ನೆಯವರೆಗೆ ಅದು ವನ್ಯಜೀವಿ ಕಾಯ್ದೆಯ ಐದನೇ ಪಟ್ಟಿಯಲ್ಲಿ ಇಲಿ, ಕಾಗೆಗಳ ಜೊತೆ ಪೀಡೆ ಎಂದು ಬಿದ್ದುಕೊಂಡಿತ್ತು. ಯಾರು ಹೊಡೆದರೂ ಕೇಳುವವರಿರಲಿಲ್ಲ. ಕಾಯ್ದೆಗೆ ತಿದ್ದುಪಡಿ ಬಂತು. ನಮ್ಮೂರಿನ ದೊಡ್ಡ ಹಣ್ಣುಬಾವಲಿ ಒಂದೇ ನೆಗೆತಕ್ಕೆ ಎರಡನೇ ಪಟ್ಟಿಗೆ ಹಾರಿ, ಅಲ್ಲಿ ಹಾಯಾಗಿ ತಲೆಕೆಳಗಾಗಿ ನೇತಾಡುತ್ತಿದೆ. (ನಾನು ಕಚೇರಿಯಲ್ಲಿ ಕುರ್ಚಿಗೆ ಒರಗಿದರೂ ನೋಟಿಸ್ ಕೊಡುತ್ತಾರೆ.) ಈಗ ಅದರ ಕೂದಲು ಕೊಂಕಿಸಿದರೆ ಜೈಲು!

ಇದನ್ನೆಲ್ಲ ನನಗೆ ಬೋಧಿಸಿದವಳು ನನ್ನ ಧರ್ಮಪತ್ನಿ ಶಶಿರೇಖಾ. ನಾವಿರುವ, ಮದ್ದೂರಿಗೆ ಹತ್ತಿರದ ಕೊಪ್ಪದಲ್ಲೇ ಹೈಸ್ಕೂಲಿನ ವಿಜ್ಞಾನದ ಮೇಡಂ. ಮಕ್ಕಳಿಗೆ ಹೇಳಿ ಮಿಕ್ಕ ಪಾಠವನ್ನೆಲ್ಲ ಮನೆಗೆ ತಂದು ನನಗೆ ಬಡಿಸುತ್ತಾಳೆ.

ಜಗಳಕ್ಕೆ ಕಾರಣ ನಮ್ಮ ಹಿತ್ತಿಲ ಸಪೋಟ ಮರ. ನಾನೇ ನೆಟ್ಟು, ಬಿಂದಿಗೆಯಲ್ಲಿ ನೀರು ಹೊತ್ತು ಹಾಕಿ ಬೆಳೆಸಿದ್ದು. ಕೆರೆ ಏರಿಯ ಆಲದ ಮರದಲ್ಲಿ ಬಾವಲಿಗಳ ಒಂದು ಬಡಾವಣೆಯೇ ಇದೆ. ದಿನವೂ ಸಂಜೆ ಅವು ಮದುವೆ ಮನೆಗೆ ಬರುವ ನೆಂಟರಂತೆ ಗುಂಪಾಗಿ ನಮ್ಮ ಹಿತ್ತಿಲಿಗೆ ಇಳಿಯುತ್ತವೆ. ಹಣ್ಣಾಗಲಿ ಎಂದು ಕಾಯುವವನು ನಾನು, ಹಣ್ಣಾಗಿದೆ ಎಂದು ಮೊದಲು ತಿಳಿಯುವುದು ಅವಕ್ಕೆ. ಬೆಳಿಗ್ಗೆ ಮರದ ಕೆಳಗೆ ನನಗೆ ಸಿಗುವುದು ಸಿಪ್ಪೆ, ಬೀಜ, ಮತ್ತು ಹೇಳಬಾರದ ಇನ್ನೊಂದು.

“ಪಟಾಕಿ ಹೊಡೆದು ಓಡಿಸ್ತೀನಿ,” ಎಂದೆ ಒಂದು ದಿನ.

“ಓಡ್ಸಿ. ಜೈಲಿಗೆ ಬುತ್ತಿ ಹೊತ್ಕೊಂಡು ಬರೋಕೆ ನನಗೆ ಪುರುಸೊತ್ತಿಲ್ಲ, ಪರೀಕ್ಷೆ ಹತ್ರ ಬಂತು.”

“ನನ್ನ ಮರ, ನನ್ನ ಹಣ್ಣು! ನನಗೆ ಯಾವ ಕಾನೂನು ರಕ್ಷಣೆ ಕೊಡುತ್ತೆ ಶಶಿ?”

“ಬಾವಲಿ ಇಲ್ದಿದ್ರೆ ಎಷ್ಟು ಗಿಡಕ್ಕೆ ಪರಾಗಸ್ಪರ್ಶ ಆಗಲ್ಲ ಗೊತ್ತೇನ್ರೀ? ಬೀಜ ಪ್ರಸಾರ ಮಾಡೋದು ಅವೇ.”

“ನನ್ನ ಸಪೋಟ ಬೀಜ ಊರೆಲ್ಲ ಹಂಚ್ರಪ್ಪ ಅಂತ ನಾನೇನು ಅರ್ಜಿ ಹಾಕಿದ್ನಾ?”

ಅವಳು ಉತ್ತರಪತ್ರಿಕೆ ತಿದ್ದುವಾಗ ದಡ್ಡ ಹುಡುಗರ ಮೇಲೆ ಬಿಡುವ ನಿಟ್ಟುಸಿರೊಂದನ್ನು ನನ್ನ ಮೇಲೆ ಬಿಟ್ಟು ಒಳಗೆ ಹೋದಳು.

ಆಗ ಹೊಳೆಯಿತು ನನಗೆ ಆ ಮಹದಾಲೋಚನೆ. ಕಾನೂನು ಹೊಡೆಯಬೇಡ ಎಂದಿದೆ, ಸರಿ. ಮರಕ್ಕೆ ಪರದೆ ಕಟ್ಟಬೇಡ ಎಂದಿದೆಯೇ? ಶನಿವಾರ ಕಚೇರಿ ಮುಗಿಸಿ ಸೀದಾ ಮದ್ದೂರು ಪೇಟೆಯ ಫಕ್ರುದ್ದೀನ್ ಅಂಗಡಿಗೆ ಹೋದೆ. ಹಗ್ಗ, ಬಲೆ, ಟಾರ್ಪಾಲು ಮಾರುವ ಅವನು ನನ್ನ ಶಾಲೆಯ ಗೆಳೆಯ.

“ಲೇ ಸ್ವಾಮಿ, ಇದು ಮೀನು ಬಲೆ ಕಣ್ಲಾ. ಮರಕ್ಕಲ್ಲ. ಈ ದಾರ ಕಣ್ಣಿಗೇ ಕಾಣಾಕಿಲ್ಲ,” ಎಂದ.

“ಕಾಣದೇ ಇರೋದೇ ಬೇಕು. ಕೊಡ್ಲಾ ಸಾಕು.”

ಸಂಜೆಯೊಳಗೆ ಏಣಿ ಹಾಕಿ ಇಡೀ ಮರಕ್ಕೆ ಬಲೆ ಹೊದಿಸಿದೆ. ಕಾಂಪೌಂಡಿನ ಆಚೆಯಿಂದ ಪಕ್ಕದ ಮನೆಯ ಮುದ್ದಮ್ಮಜ್ಜಿ ಇಣುಕಿದರು.

“ಅದೇನ್ಲಾ ಸ್ವಾಮಿ, ಮರದ್ ಮ್ಯಾಲೆ ಮೀನು ಇಡೀತಾ ಇದ್ದೀಯಾ?”

ಶಶಿರೇಖಾ ಮಾತ್ರ ನಗಲಿಲ್ಲ. “ಸಿಕ್ಕಿಕೊಳ್ಳುತ್ತೆ ರೀ. ಬಿಚ್ಚಿ ಅದನ್ನ,” ಎಂದಳು. ನಾನು ಬಿಚ್ಚಲಿಲ್ಲ. ಗಂಡಸಿನ ಮಾನದ ಪ್ರಶ್ನೆ.

ಭಾನುವಾರ ಬೆಳಿಗ್ಗೆ ನನ್ನನ್ನು ಎಬ್ಬಿಸಿದ್ದು ಮುದ್ದಮ್ಮಜ್ಜಿಯ ಕೂಗು. “ಏ ಸ್ವಾಮಿ! ಓಡ್ಬಾರ್ಲಾ! ನಿನ್ ಬಲೆಗೆ ಬಾವ್ಲಿ ಬಿದ್ದದೆ ಕಣ್ಲಾ! ಒಟ್ಟೇಲಿ ಮರಿ ಕಚ್ಕೊಂಡದೆ!”

ಓಡಿಹೋಗಿ ನೋಡಿದರೆ ನಿಜ. ದಾರದಲ್ಲಿ ರೆಕ್ಕೆ, ಕಾಲು ಸುತ್ತಿಕೊಂಡು ದೊಡ್ಡ ಬಾವಲಿಯೊಂದು ಒದ್ದಾಡುತ್ತಿತ್ತು. ಎದೆಗೆ ಅಂಟಿಕೊಂಡ ಮರಿ. ಬಿಸಿಲು ಏರುತ್ತಿತ್ತು. ನನ್ನ ತಲೆಯಲ್ಲಿ ಮೊದಲು ಮೂಡಿದ್ದು ಕರುಣೆ ಎಂದು ಬರೆದರೆ ಸುಳ್ಳಾಗುತ್ತದೆ. ಮೂಡಿದ್ದು ‘ಅಮಾನತು’ ಎಂಬ ಪದ.

“ಶಶಿ, ಒಂದು ಬೆಡ್‌ಶೀಟ್ ತಾ. ಮುಚ್ಚಿಬಿಡೋಣ. ಯಾರಿಗೂ ಕಾಣದ ಹಾಗೆ.”

“ಮರಾನಾ? ಮುದ್ದಮ್ಮಜ್ಜಿ ಬಾಯಿಗೆ ಏನು ಹೊದಿಸ್ತೀರಾ?” ಎಂದವಳೇ ಫೋನು ತೆಗೆದು, ನಾನು ಕೈಮುಗಿಯುತ್ತಿದ್ದರೂ ಲೆಕ್ಕಿಸದೆ ಅರಣ್ಯ ಇಲಾಖೆಗೆ ಹೇಳಿಯೇ ಬಿಟ್ಟಳು. ಬರುವುದು ಸ್ವಲ್ಪ ತಡವಾಗುತ್ತದಂತೆ, ಅಷ್ಟರಲ್ಲಿ ನೆರಳು ಮಾಡಬೇಕಂತೆ, ಬರಿಗೈಯಲ್ಲಿ ಮುಟ್ಟಬಾರದಂತೆ.

ಕೊಡೆ ಹಿಡಿದು ಏಣಿ ಹತ್ತಿದೆ. ಮೊದಲ ಸಲ ಅದರ ಮುಖವನ್ನು ಹತ್ತಿರದಿಂದ ನೋಡಿದೆ. ನಾಯಿಮರಿಯ ಮುಖ. ಬಾಯಿ ತೆರೆದು ಏದುಸಿರು ಬಿಡುತ್ತಿತ್ತು. ಒದ್ದಾಡಿದಷ್ಟೂ ದಾರ ಬಿಗಿಯುತ್ತಿದ್ದರೂ, ಸಿಕ್ಕಿಕೊಳ್ಳದೆ ಉಳಿದಿದ್ದ ಒಂದು ರೆಕ್ಕೆಯನ್ನು ಮರಿಯ ಮೇಲೆ ಹೊದಿಸಿಕೊಂಡಿತ್ತು. ನನಗೆ ಸಿಟ್ಟು ಬಂತು. ಇಷ್ಟು ಹೊತ್ತು ಬಾವಲಿಯ ಮೇಲಿದ್ದ ಸಿಟ್ಟು ಹೋಗಿ, ಈಗ ಯಾರ ಮೇಲೆ ಎಂದು ಗೊತ್ತಾಗದ ಸಿಟ್ಟು.

“ಜೀಪು ಬರೋವರೆಗೆ ಇದು ಉಳಿಯಲ್ಲ ಶಶಿ. ಕತ್ತರಿ ಕೊಡು!”

ಅವಳು ಕತ್ತರಿಯ ಜೊತೆ ನನ್ನ ರೇನ್‌ಕೋಟು, ಹೆಲ್ಮೆಟ್ಟು, ದಪ್ಪ ಚರ್ಮದ ಗ್ಲೌಸು ಎಲ್ಲ ತಂದು, ಹಾಕಿಕೊಳ್ಳದೆ ಕತ್ತರಿ ಕೊಡುವುದಿಲ್ಲ ಎಂದು ಹಟ ಹಿಡಿದಳು. ಚಂದ್ರಲೋಕಕ್ಕೆ ಹೊರಟವನ ವೇಷದಲ್ಲಿ ಮತ್ತೆ ಹತ್ತಿದೆ.

“ಕಾಲಿನ ದಾರ ಮೊದಲು. ರೆಕ್ಕೆ ಎಳೀಬೇಡಿ!”

“ಗೊತ್ತು!”

“ಗೊತ್ತಿದ್ದಿದ್ರೆ ಬಲೆ ಕಟ್ತಿರಲಿಲ್ಲ!”

ಹೊಸ ಬಲೆಯನ್ನು ಚೂರುಚೂರು ಕತ್ತರಿಸಿದೆ. ಕೊನೆಯ ದಾರ ಬಿಟ್ಟುಕೊಂಡಿತು. ಬಾವಲಿ ಹಾರಲಿಲ್ಲ. ನನ್ನ ತೋಳನ್ನೇ ಕೊಂಬೆ ಎಂದುಕೊಂಡು ಉಗುರೂರಿ ನಿಧಾನವಾಗಿ ಮೇಲೆ ಹತ್ತಿತು. ಭುಜಕ್ಕೆ ಬಂತು. ಹೆಲ್ಮೆಟ್ಟಿಗೆ ಬಂತು. ಅಲ್ಲಿ, ಮರಿಯ ಸಮೇತ, ಕೃತಜ್ಞತೆಯನ್ನು ದ್ರವರೂಪದಲ್ಲಿ ನನ್ನ ಮೇಲೆ ಸುರಿಸಿತು. ನಾನು ಅಲ್ಲಾಡಲಿಲ್ಲ.

ಸರಿಯಾಗಿ ಆಗಲೇ ಹಿತ್ತಿಲಿಗೆ ಬಂದ ಅರಣ್ಯಾಧಿಕಾರಿ ಫೋನೆತ್ತಿ ಫೋಟೋ ತೆಗೆದರು. ಬಾವಲಿ ರೆಕ್ಕೆ ಬಿಚ್ಚಿ ಕೆರೆಯ ಕಡೆ ಹಾರಿಹೋಯಿತು. ಮುದ್ದಮ್ಮಜ್ಜಿ ಚಪ್ಪಾಳೆ ತಟ್ಟಿದರು.

“ಬಲೆ ಯಾರು ಕಟ್ಟಿದ್ದು?” ಎಂದರು ಅಧಿಕಾರಿ.

“ಇವರೇ ಸಾರ್. ನನ್ನ ಯಜಮಾನರು,” ಎಂದಳು ಸತ್ಯಸಂಧೆ.

ಅರ್ಧ ಗಂಟೆ ಬೈಸಿಕೊಂಡೆ. ನೀವೇ ಫೋನು ಮಾಡಿದ್ದೀರಿ, ನೀವೇ ಬಿಡಿಸಿದ್ದೀರಿ, ಜೀವ ಉಳಿದಿದೆ, ಆದ್ದರಿಂದ ಈ ಸಲ ಎಚ್ಚರಿಕೆ ಮಾತ್ರ ಎಂದರು. ಹೋಗುವ ಮುನ್ನ ಹೆಂಡತಿಯ ಜೊತೆ ಏನೋ ಮಾತಾಡಿದರು. ಆಮೇಲೆ ತಿಳಿಯಿತು: ಅವಳ ಶಾಲೆಯಲ್ಲಿ ವನ್ಯಜೀವಿ ಜಾಗೃತಿ ಕಾರ್ಯಕ್ರಮ, ಅದಕ್ಕೆ ಮುಖ್ಯ ಅತಿಥಿ ನಾನು.

ಹೆಂಡತಿ ಭಾಷಣ ಬಾಯಿಪಾಠ ಮಾಡಿಸಿದಳು. ವೇದಿಕೆಯ ಹಿಂದೆ ಬ್ಯಾನರು, ಬ್ಯಾನರಿನಲ್ಲಿ ಬಾವಲಿ ಹೊತ್ತ ನನ್ನ ಹೆಲ್ಮೆಟ್ಟು. ಮೈಕು ಕೈಗೆ ಬಂದದ್ದೇ ಕಲಿತದ್ದೆಲ್ಲ ಮರೆತುಹೋಗಿ, ಹೊಟ್ಟೆಯಲ್ಲಿದ್ದದ್ದೇ ಬಾಯಿಗೆ ಬಂತು.

“ಏನು ಕಾನೂನು ಇದು? ನೀರು ಹೊತ್ತವನು ನಾನು, ತಿನ್ನೋದು ಅದು! ಅದರ ಮೈ ಮುಟ್ಟಿದರೆ ಕೇಸು, ಅದು ನನ್ನ ಮೈಮೇಲೆ ಉಚ್ಚೆ ಹೊಯ್ದರೆ ಯಾವ ಸೆಕ್ಷನ್ನು? ಹೇಳಿ!”

ಮಕ್ಕಳು ಬಿದ್ದುಬಿದ್ದು ನಕ್ಕರು. ನಕ್ಕಷ್ಟೂ ನನಗೆ ರೇಗಿತು, ರೇಗಿದಷ್ಟೂ ಅವರು ನಕ್ಕರು. ಮುಂದಿನ ಸಾಲಿನಲ್ಲಿ ಅರಣ್ಯಾಧಿಕಾರಿ ಕಣ್ಣೊರೆಸಿಕೊಳ್ಳುತ್ತಿದ್ದರು. ಕೊನೆಗೆ ಎದ್ದು ಮೈಕು ಹಿಡಿದು, “ಕಾನೂನು ತಿಳಿಯದ ಜನ ಹೇಗೆ ಮಾತಾಡ್ತಾರೆ ಅನ್ನೋದನ್ನ ಸ್ವಾಮಿಯವರು ಎಷ್ಟು ಚೆನ್ನಾಗಿ ಅಭಿನಯಿಸಿ ತೋರಿಸಿದ್ರು!” ಎಂದರು. ಶಾಲು ಹೊದಿಸಿದರು.

ಮನೆಗೆ ಬಂದ ಮೇಲೆ ಶಶಿರೇಖಾ ಕಾಫಿ ಕೊಟ್ಟು ಪಕ್ಕದಲ್ಲಿ ಕೂತಳು.

“ರೀ, ಮುಂದಿನ ವಾರ ಮಳವಳ್ಳಿ ಶಾಲೇಲಂತೆ. ಆಮೇಲೆ ಮಂಡ್ಯದಲ್ಲಿ. ಜೀಪು ಕಳಿಸ್ತಾರಂತೆ. ಅಲ್ಲಿ ಇನ್ನೂ ಸ್ವಲ್ಪ ಜಾಸ್ತಿ ಕೋಪ ಮಾಡ್ಕೊಂಡು ಮಾತಾಡ್ಬೇಕಂತೆ.”

“ಅಲ್ಲ ಕಣೇ, ನನಗೆ ನಿಜವಾಗ್ಲೂ ಕೋಪ ಬಂದಿದೆ!” ಎಂದು ಲೋಟ ಕುಕ್ಕಿ ಅರಚಿದೆ.

“ಹಾಂ, ಹೀಗೇ!” ಎಂದಳು. “ಕೈ ಮಾತ್ರ ಸ್ವಲ್ಪ ಮೇಲೆ ಎತ್ತಿ.”