ಕಾಯಿ ಬಿಡದ ಫೇಲೀಕ್ಸ್

ವ್ಯಾಕರಣ ಕಲಿತವನಿಗೆ ಜಗಳದಲ್ಲಿ ಗೆಲುವಿಲ್ಲ. ಎದುರಿನವರು ಬೈದು ಮುಗಿಸಿ ಮನೆ ಸೇರಿರುತ್ತಾರೆ. ಇವನಿನ್ನೂ ಬೈಗುಳದ ವಿಭಕ್ತಿ ಹುಡುಕುತ್ತಿರುತ್ತಾನೆ. ಸಂಸ್ಕೃತ ಮಾಸ್ತರನಾಗಿ ನಿವೃತ್ತನಾದ ಮೇಲೆ ನಾನು ಸುಮ್ಮನಿರಬಹುದಿತ್ತು. ರದ್ದಿ ಅಂಗಡಿಯಿಂದ ಹಳೆಯ ಲ್ಯಾಟಿನ್ ವ್ಯಾಕರಣವೊಂದನ್ನು ಮನೆಗೆ ತಂದೆ. ನಮ್ಮೂರು ಇಂಡಿಯಲ್ಲಿ ಲ್ಯಾಟಿನ್ ಬಲ್ಲವನು ನಾನೊಬ್ಬನೇ ಎಂಬ ಹೆಮ್ಮೆ. ತಪ್ಪಿದರೆ ತಿದ್ದುವವರಿಲ್ಲ ಎಂಬ ನೆಮ್ಮದಿ.

ಅದರಲ್ಲಿ ನನ್ನ ಮನಸ್ಸು ಕದ್ದ ವಿಶೇಷಣ ‘ಫೇಲೀಕ್ಸ್’. ಅದೃಷ್ಟವುಳ್ಳ ಎಂದರ್ಥ, ಅದಕ್ಕೂ ಹಳೆಯ ಅರ್ಥ, ಫಲ ಬಿಡುವ. ನಮ್ಮಲ್ಲಿ ಭಾಗ್ಯವಂತ, ಭಾಗ್ಯವತಿ ಎಂದು ಆಳು ನೋಡಿ ಶಬ್ದ ಬದಲಿಸಬೇಕು. ಫೇಲೀಕ್ಸ್‌ಗೆ ಆ ತಾಪತ್ರಯವಿಲ್ಲ. ಪ್ರಥಮಾ ಏಕವಚನದಲ್ಲಿ ಗಂಡಸಿರಲಿ, ಹೆಂಗಸಿರಲಿ, ಕಲ್ಲುಗುಂಡಿರಲಿ, ಎಲ್ಲಕ್ಕೂ ಒಂದೇ ರೂಪ. ಷಷ್ಠಿಗೆ ಬಂದರೆ ಮಾತ್ರ, ನಮ್ಮ ‘ವಾಕ್’ ಹೋಗಿ ‘ವಾಚಃ’ ಆಗುವಂತೆ, ‘ಫೇಲೀಕಿಸ್’ ಎಂದು ಬಾಲ ಬದಲಿಸುತ್ತದೆ.

ಈ ಪಾಂಡಿತ್ಯ ಪರೀಕ್ಷೆಗೆ ಕುಳಿತದ್ದು ಹಿತ್ತಲಿನ ಲಿಂಬೆಗಿಡದ ಮುಂದೆ. ನಾನೇ ನೆಟ್ಟದ್ದು, ಮುಳ್ಳು ಬಿಟ್ಟಿತ್ತು, ಕಾಯಿ ಬಿಟ್ಟಿರಲಿಲ್ಲ. ಊರ ಸುತ್ತ ಲಿಂಬೆ ಬೆಳೆಯುವ ಇಂಡಿಯಲ್ಲಿ ಲಿಂಬೆಹಣ್ಣು ಕೊಂಡು ತರುವುದೆಂದರೆ ಮನೆತನಕ್ಕೇ ಕುಂದು. ಮಳೆಗಾಲಕ್ಕೆ ಮುಂಚೆ ಒಂದು ಬೆಳಿಗ್ಗೆ ನನ್ನ ಹೆಂಡತಿ ಗೌರವ್ವ ಕೊಡಲಿ ಹಿಡಿದು ನಿಂತಳು.

“ಇವತ್ತ ಕಡದ ಬಿಡ್ತೇನಿ. ಈ ಜಾಗಾದಾಗ ನುಗ್ಗಿ ಹಚ್ಚತೇನಿ.”

“ತಡಿ, ಇದು ಫೇಲೀಕ್ಸ್ ಐತಿ!” ಎಂದು ಅಡ್ಡ ಬಂದೆ.

“ಫೇಲ್ ಆಗೇತಿ ಅಂತನ ನಾನೂ ಹೇಳಾಕತ್ತೇನ್ರಿ.”

ಶಬ್ದದ ಅರ್ಥ, ಲಿಂಗ, ವಚನಗಳನ್ನೆಲ್ಲ ವಿವರಿಸಿದೆ. ಆಕೆ ಕೊಡಲಿಯ ಕಾವಿಗೆ ಗದ್ದ ಊರಿ ಕೇಳಿದಳು.

“ಕಾಯಿ ಬಿಡಲಾರದ್ದಕ್ಕ ಏನಂತಾರ?”

“ಮುಂದ ‘ಇನ್’ ಹಚ್ಚಬೇಕು. ಇನ್‌ಫೇಲೀಕ್ಸ್. ನಸೀಬಗೇಡಿ.”

“ಅದಕ್ಕೂ ಗಂಡು ಹೆಣ್ಣು ಅಂತ ಭೇದ ಇಲ್ಲಲ್ಲಾ?”

“ಇಲ್ಲ!” ಎಂದೆ, ಶಿಷ್ಯೆಯ ಜಾಣತನಕ್ಕೆ ಹಿಗ್ಗಿ.

“ಹಂಗಾರ ನೆಟ್ಟಾವ್ರಿಗೂ ನಡೀತೈತಿ. ಗೊಬ್ಬರಿಲ್ಲ, ಪಾತಿ ಇಲ್ಲ. ನೆಳ್ಳಾಗ ಕುರ್ಚಿ ಹಾಕ್ಕೊಂಡು ಪುಸ್ತಕ ಓದೀರಿ. ಗಿಡಾ ಏನ್ ಅಕ್ಷರ ಬಿಡಬೇಕಿತ್ತೇನು?”

ವ್ಯಾಕರಣದ ದೃಷ್ಟಿಯಿಂದ ಪ್ರಯೋಗ ಶುದ್ಧವಾಗಿತ್ತು. ಗಿಡ ಉಳಿಯಬೇಕಾದರೆ ಪಂಡಿತ ಸೋಲಬೇಕು. ಪಾತಿ, ಗೊಬ್ಬರ, ನೀರು ಎಲ್ಲ ನನ್ನ ಪಾಲಿನದೆಂದು ಒಪ್ಪಿಕೊಂಡೆ. ಕೊಡಲಿ ಒಳಗೆ ಹೋಯಿತು.

ನಿನ್ನೆ ಗಿಡಕ್ಕೆ ಬಕೆಟ್ ನೀರು ಸುರಿಯುವಾಗ ಪಕ್ಕದ ಮನೆಯ ನೀಲವ್ವ ಗೋಡೆಯ ಮೇಲಿಂದ ಇಣುಕಿದಳು. “ಏನ್ರಿ ಮಾಸ್ತರ, ಭಾಳ ದುಡ್ಯಾಕತ್ತೀರಲ್ಲ?”

ಅಡಿಗೆಮನೆಯಿಂದಲೇ ಗೌರವ್ವ ಉತ್ತರಿಸಿದಳು: “ಹೂಂನವಾ, ಇಬ್ಬರಿಗೂ ಒಂದ ವರ್ಷ ಗಡುವು ಕೊಟ್ಟೇನಿ!”

ಗಿಡದಲ್ಲಿ ಎರಡು ಮೊಗ್ಗು ಕಾಣಿಸಿವೆ. ನನ್ನ ಕಡೆಯಿಂದ ಇನ್ನೂ ಅಂಥ ಸೂಚನೆಯೇನಿಲ್ಲ.